ಸೌತೆಕಾಯಿ ತಂಪಾಗಿಡುವ ಒರತೆ

ಸುಜುಮೆ ಕೆರೆ
ಏಪ್ರಿಲ್ 12

ಕಾವಾತಾ ಇಸಾಮು ಅವರಿಗೆ,

ಇಲ್ಲಿ ಚೆರ್ರಿ ಹೂವು ಉದುರುತ್ತಿದೆ. ಹಾಕೊದಾತೆಯಲ್ಲಿ ಇನ್ನೂ ಮೊಗ್ಗು ಬಂದಿರಲಿಕ್ಕಿಲ್ಲ. ಪತ್ರದ ಮೊದಲ ಸಾಲಿನಲ್ಲಿ ಋತು ಇರಬೇಕೆಂದು ನಮ್ಮಿಬ್ಬರಿಗೂ ಒಂದೇ ಮೇಷ್ಟ್ರು ಕಲಿಸಿದ್ದರಿಂದ ಇಷ್ಟು ಬರೆದೆ. ಏಳು ವರ್ಷದ ಮೇಲೆ ಬರೆಯುತ್ತಿರುವುದಕ್ಕೆ ಕಾರಣ ಬೇರೆ.

ಕೆರೆ ಸಂಘದ ದಫ್ತರದಲ್ಲಿ ನೀರುಗಂಟಿ ಎಂದು ಇಂದಿಗೂ ನಿಮ್ಮ ಹೆಸರೇ ಇದೆ. ಊರ ಕಚೇರಿಯವರು ಹಳೆಯ ಕೆರೆಗಳ ಪಟ್ಟಿ ಮಾಡುತ್ತಿದ್ದಾರೆ. ಗದ್ದೆಗೆ ನೀರು ಕೊಡದ ಕೆರೆಯಲ್ಲಿ ಏನಾದರೂ ಊನ ಕಂಡರೆ ಏರಿ ಕಡಿದು ನೀರೆಲ್ಲ ಬಿಟ್ಟು ಮುಚ್ಚಿಬಿಡುತ್ತಾರಂತೆ. ಆದ್ದರಿಂದ ದಫ್ತರ ಚೊಕ್ಕವಾಗಿರಬೇಕು. ನಿಮ್ಮ ಹೆಸರು ತೆಗೆಯಲು ನಿಮ್ಮ ಮುದ್ರೆ ಬೇಕು. ಕಾಗದ ಇದರೊಳಗಿದೆ. ಪೆನ್ಸಿಲಿನಲ್ಲಿ ಸುತ್ತು ಹಾಕಿದ ಜಾಗದಲ್ಲಿ ಒತ್ತಿ ಕಳಿಸಿ.

ಕೆರೆ ಚೆನ್ನಾಗಿದೆ. ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಹಂಸದ ಆಕಾರದ ದೋಣಿಗಳು ಈಗ ಐದಾಗಿವೆ. ಕೋಡಿಗೆ ಮೂರು ಹಲಗೆ ಅಡ್ಡ ಹಾಕಿ ನೀರು ಏರಿಸಿದ್ದೇವೆ. ಏರಿಯ ಮೇಲಿನ ಮೂರು ಮರಗಳ ಹೂವು ಪೂರ್ತಿ ನೀರಿನಲ್ಲಿ ಕಾಣುತ್ತದೆ. ನಾಲ್ಕನೆಯ ಮರದ ಮಾತು ನಾನು ಎತ್ತುವುದಿಲ್ಲ. ನಿಮ್ಮ ಕಾಲದಲ್ಲಿ ಹೂವು ಮುಗಿದ ಮರುದಿನವೇ ಹಲಗೆ ಕಿತ್ತು ಎಲ್ಲರ ಮುಖ ಸಣ್ಣದು ಮಾಡುತ್ತಿದ್ದಿರಿ. ಈಗ ಅವು ವರ್ಷಪೂರ್ತಿ ಇರುತ್ತವೆ. ದೋಣಿಯ ತಳ ಕೆಸರಿಗೆ ತಾಗುವುದಿಲ್ಲ.

ಇನ್ನೊಂದು ಸುದ್ದಿ. ಏರಿಯ ಬುಡದಲ್ಲಿ, ಶಿಶುವಿಹಾರದ ಬೇಲಿಯ ಪಕ್ಕ, ಮೂರು ವರ್ಷದ ಹಿಂದೆ ಒಂದು ಒರತೆ ಎದ್ದಿದೆ. ನೀವಿದ್ದಾಗ ಇರಲಿಲ್ಲ. ಯಾರ ಮುಖ ನೋಡಿ ಬರಬೇಕೆಂದು ನೀರಿಗೂ ಗೊತ್ತಿರುತ್ತದೆ. ಸುತ್ತ ಐರಿಸ್ ನೆಟ್ಟಿದ್ದೇನೆ. ನನ್ನ ಉದೊನ್ ಶಾವಿಗೆ ಅಂಗಡಿಯ ಸೌತೆಕಾಯಿ, ಸೋಡಾ ಬಾಟಲಿ ಎಲ್ಲ ಅದರಲ್ಲೇ ತಂಪಾಗುತ್ತವೆ. ಫ್ರಿಜ್ ಮಾರಿಬಿಟ್ಟೆ.

ಮಿಯಾತಾಕೆ ಫುಸಾಯೊ


ಹಾಕೊದಾತೆ
ಏಪ್ರಿಲ್ 18

ಮಿಯಾತಾಕೆ ಅವರಿಗೆ,

ಇಲ್ಲಿ ಹಿಮ ಬೀದಿಯ ಮೂಲೆಗಳಲ್ಲಿ ಮಾತ್ರ ಉಳಿದಿದೆ. ಮುದ್ರೆ ಒತ್ತಿದ್ದೇನೆ, ಸುತ್ತಿನ ಒಳಗೇ ಇದೆ. ಜೊತೆಗೆ ಅಣ್ಣನ ಅಂಗಡಿಯ ಒಣ ಬೊಂಡಾಸ್ ಮೀನು ನಾಲ್ಕು ಕಟ್ಟು. ಅದನ್ನು ಒಣಗಿಸಿದ್ದು ನಾನೇ, ಆದ್ದರಿಂದ ಅಣ್ಣನ ಹೊಗಳಿಕೆ ಬೇಡ.

ಫೋನ್ ಮಾಡಬಹುದಿತ್ತು. ಆದರೆ ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅತ್ತಿಗೆಯ ಬೈಗುಳಕ್ಕೆ ಮೀಸಲು. ಮೇಲಾಗಿ ನೀವು ಫೋನಿನಲ್ಲಿ ಜಗಳಾಡುತ್ತೀರಿ, ಕಾಗದದಲ್ಲಿ ಯೋಚಿಸುತ್ತೀರಿ.

ಒರತೆಯ ವಿಷಯ. ಮಣ್ಣಿನ ಏರಿಯ ಬುಡದಲ್ಲಿ ಅರವತ್ತು ವರ್ಷ ಇಲ್ಲದ ಒರತೆ ಹೊಸದಾಗಿ ಏಳುವುದಿಲ್ಲ. ಏರಿಯ ಒಳಗಿನಿಂದ ನೀರು ಬರುತ್ತಿರಬಹುದು. ದಯವಿಟ್ಟು ಹತ್ತು ಲೀಟರಿನ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿ. ನೀರು ತಿಳಿಯೋ ಕದಡಿದ್ದೋ ಬರೆಯಿರಿ. ಆಮೇಲೆ ಕೋಡಿಯ ಒಂದು ಹಲಗೆ ತೆಗೆದು, ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. ನಿಜವಾದ ಒರತೆಗೆ ನಿಮ್ಮ ಹಲಗೆಯ ಹಂಗಿಲ್ಲ, ಅದು ಅಷ್ಟೇ ಹರಿಯುತ್ತದೆ.

ಫ್ರಿಜ್ ಮಾರಬಾರದಿತ್ತು.

ಕಾವಾತಾ ಇಸಾಮು


ಏಪ್ರಿಲ್ 24

ಕಾವಾತಾ ಅವರಿಗೆ,

ಬೊಂಡಾಸ್ ಬಂತು. ಉಪ್ಪು ಸ್ವಲ್ಪ ಜಾಸ್ತಿ.

ನಿಮ್ಮ ಪತ್ರವನ್ನು ನಮ್ಮ ಅಧ್ಯಕ್ಷ ಮಿನೊ ಅಜ್ಜನಿಗೆ ಓದಿ ಹೇಳಿದೆ. "ಏಳು ವರ್ಷ ಆದ್ರೂ ಆ ಮನುಷ್ಯ ಬದಲಾಗ್ಲಿಲ್ಲ ನೋಡು. ಬುದ್ಧ ಎದುರಿಗೆ ಬಂದ್ರೂ ಅವನ ಕೈಗೆ ಬಕೆಟ್ ಕೊಟ್ಟು ಸೆಕೆಂಡ್ ಎಣಿಸು ಅಂತಾನೆ" ಎಂದ. ಆಮೇಲೆ ತಾನೇ ಗಡಿಯಾರ ತಂದು ಕೊಟ್ಟ.

52 ಸೆಕೆಂಡು. ನೀರು ಕನ್ನಡಿಯಂತೆ ತಿಳಿ. ಇದರಿಂದ ನಿಮ್ಮ ಬಾಯಿ ಮುಚ್ಚುತ್ತದೆ ಎಂದುಕೊಂಡಿದ್ದೇನೆ. ಒಂದು ಹಲಗೆ ಇವತ್ತು ತೆಗೆದೆವು. ಒಂದು ಹಂಸ ಆಗಲೇ ಕೆಸರಿನಲ್ಲಿ ಕುಳಿತಿದೆ.

ಮಿಯಾತಾಕೆ ಫುಸಾಯೊ


(ಕಾರ್ಡು)
ಏಪ್ರಿಲ್ 28

71 ಸೆಕೆಂಡು.
ಮಿಯಾತಾಕೆ


(ಕಾರ್ಡು)
ಏಪ್ರಿಲ್ 29

ನಾಳೆಯಿಂದ ರಜೆಯ ವಾರ. ದೂರದೂರದಿಂದ ಜನ ಬರುತ್ತಾರೆ. ಹಲಗೆ ಮತ್ತೆ ಹಾಕಿದೆವು. ದಯವಿಟ್ಟು ಏನೂ ಬರೆಯಬೇಡಿ.
ಮಿಯಾತಾಕೆ


ಹಾಕೊದಾತೆ
ಮೇ 3

ಮಿಯಾತಾಕೆ ಅವರಿಗೆ,

ಬರೆಯಬೇಡಿ ಎಂದಿರಿ, ಬರೆಯುತ್ತಿದ್ದೇನೆ.

ನಿಮಗೆ ಏನಾಗಿದೆ ಎಂದು ನನಗೆ ಗೊತ್ತು. ಕಚೇರಿಗೆ ಹೇಳಿದರೆ ಅವರು ಪಟ್ಟಿಯಲ್ಲಿ ಕೆಂಪು ಗೆರೆ ಎಳೆಯುತ್ತಾರೆ, ಕೆರೆ ಹೋಗುತ್ತದೆ ಎಂಬ ಭಯ. ಹೋಗಲೂಬಹುದು. ಆದರೆ ಏರಿ ಒಡೆದರೆ ನಿಮ್ಮ ಹಂಸಗಳು ತೇಲುತ್ತವೆ. ಕೆಳಗಿರುವ ಶಿಶುವಿಹಾರದ ಮಕ್ಕಳು ತೇಲುವುದಿಲ್ಲ.

ಕೋಡಿಯ ಕಲ್ಲಿನಿಂದ ಒರತೆಯ ನೇರಕ್ಕೆ ಏರಿಯ ಮೇಲೆ ಎಷ್ಟು ಹೆಜ್ಜೆ? ಎಣಿಸಿ ತಿಳಿಸಿ.

ಕಾವಾತಾ ಇಸಾಮು


ಮೇ 9

ಕಾವಾತಾ ಅವರಿಗೆ,

ನಿಮ್ಮ ಪತ್ರವನ್ನು ಎರಡು ದಿನ ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟೆ. ಹಿಟ್ಟು ತೆಗೆಯುವಾಗಲೆಲ್ಲ ಕೈಗೆ ಸಿಕ್ಕಿತು.

ಪ್ರತಿ ಗುರುವಾರ ಶಿಶುವಿಹಾರದ ಮಕ್ಕಳು ಕೆರೆಗೆ ಬರುತ್ತಾರೆ. ಮೂವತ್ತೆಂಟು ಜನ. ನನ್ನನ್ನು "ಹಂಸದಜ್ಜಿ" ಅನ್ನುತ್ತಾರೆ. ನಿನ್ನೆ ಒಂದು ಹುಡುಗಿ ಒರತೆಯ ಪಕ್ಕ ಕೂತು, "ಅಜ್ಜಿ, ಈ ನೀರು ಎಲ್ಲಿಂದ ಬರುತ್ತೆ?" ಅಂದಳು. "ನೆಲದೊಳಗಿಂದ ಕಣೇ" ಅಂದೆ. ಅವಳು ಏರಿಯ ಕಡೆ ಬೆರಳು ತೋರಿಸಿ, "ಅಲ್ಲ, ಆ ಗುಡ್ಡದ ಹೊಟ್ಟೆಯಿಂದ ಬರ್ತಿದೆ, ನೋಡು" ಅಂದಳು. ನಾಲ್ಕು ವರ್ಷದವಳು. ಮೂರು ವರ್ಷದಿಂದ ನಾನು ನೋಡದೇ ಇದ್ದದ್ದನ್ನು ನೋಡಿದಳು.

ಇವತ್ತು ಕಚೇರಿಗೆ ಹೋಗಿ ಹೇಳಿ ಬಂದೆ. ಉಸುಇ ಎಂಬ ಇಂಜಿನಿಯರ್ ಹುಡುಗಿ. ನಾನು ಹೇಳಿ ಮುಗಿಸಿದ ಮೇಲೆ ತಾನೇ ತಪ್ಪು ಮಾಡಿದ ಹಾಗೆ ಮೂರು ಸಲ ತಲೆಬಾಗಿ, "ಮಿಯಾತಾಕೆ ಅವ್ರೇ, ದಿನಾ ಅಳೆದು ಬರೆದಿಡ್ತೀರಾ? ನಮ್ಮಲ್ಲಿ ಇನ್ನೂರ ಹನ್ನೊಂದು ಕೆರೆ, ನಾವು ಇಬ್ರೇ ಇರೋದು" ಅಂದಳು. ಮಳೆಗಾಲಕ್ಕೆ ಮುಂಚೆ ಬಂದು ನೋಡುತ್ತಾಳಂತೆ. ಹಲಗೆ ಒಂದನ್ನು ಇವತ್ತೇ ತೆಗೆಯಿರಿ ಅಂದಳು, ತೆಗೆದೆವು. ಉಳಿದೆರಡು ಊದಿಕೊಂಡು ಸಿಕ್ಕಿಕೊಂಡಿವೆ. ಮಿನೊ ಅಜ್ಜ, "ಅವು ಹೂವಿನ ಕಾಲದವರೆಗೆ ಹೊರಗೆ ಬರಲ್ಲ ಅಂತ ಹಠ ಹಿಡಿದಿವೆ" ಎನ್ನುತ್ತಾನೆ.

ಎಪ್ಪತ್ತೊಂದು ಹೆಜ್ಜೆ. ನನ್ನ ಹೆಜ್ಜೆ ನಿಮ್ಮದಕ್ಕಿಂತ ಚಿಕ್ಕದು.

ಫುಸಾಯೊ


ಹಾಕೊದಾತೆ
ಮೇ 20

ಫುಸಾಯೊ,

ನಿನ್ನ ಎಪ್ಪತ್ತೊಂದು ನನ್ನ ಅರವತ್ತಮೂರು. ನನ್ನ ಹಳೆಯ ನೋಟುಪುಸ್ತಕ ತೆಗೆದು ನೋಡಿದೆ. ಕೋಡಿಯಿಂದ ಅರವತ್ತಮೂರನೆಯ ಹೆಜ್ಜೆಯಲ್ಲಿ ನಿನ್ನ ಗಂಡ ತಾಮೊತ್ಸು ನೆಟ್ಟ ನಾಲ್ಕನೆಯ ಚೆರ್ರಿ ಇತ್ತು.

ಏರಿಯ ಮೇಲೆ ಮರ ಇರಬಾರದು, ಬೇರು ಮಣ್ಣನ್ನು ಸೀಳುತ್ತದೆ ಎಂದು ನಾನು ಸಾವಿರ ಸಲ ಹೇಳಿದ್ದೆ. ಅವನು ಬದುಕಿರುವವರೆಗೆ ನಗುತ್ತಿದ್ದ. ಅವನು ಹೋದ ಮೇಲೆ, ಅವನ ಮೊದಲ ವರ್ಷದ ತಿಥಿಗೆ ನೀನು ದೇವಾಲಯಕ್ಕೆ ಹೋದ ಬೆಳಿಗ್ಗೆ, ನಿನ್ನನ್ನು ಕೇಳದೆ ಅದನ್ನು ಕಡಿದೆ. ವಾಲಿತ್ತು, ಬಿದ್ದರೆ ಏರಿ ಕಿತ್ತು ಬರುತ್ತಿತ್ತು. ನೀನು ಬಂದು ನೋಡಿದೆ, ಏನೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ. ನಾನು ಸರಿ ಎಂಬ ಒಂದೇ ಮಾತನ್ನು ಕಟ್ಟಿಕೊಂಡು ಇಲ್ಲಿಗೆ ಬಂದೆ. ಏಳು ವರ್ಷ ಅದನ್ನೇ ನೆಚ್ಚಿಕೊಂಡಿದ್ದೆ.

ಆದರೆ ಕಾಂಡ ಕಡಿದು, ಮೋಟಿನ ಮೇಲೆ ಚೊಕ್ಕವಾಗಿ ಮಣ್ಣೆಳೆದು ಬಂದೆ. ಬೇರು ತೆಗೆಯಲಿಲ್ಲ. ಬದುಕಿದ ಬೇರಿಗಿಂತ ಸತ್ತ ಬೇರು ಕೆಟ್ಟದ್ದು. ಅದು ಕೊಳೆತ ಜಾಗದಲ್ಲಿ ಕೊಳವೆ ಉಳಿಯುತ್ತದೆ, ನೀರಿಗೆ ದಾರಿಯಾಗುತ್ತದೆ. ನನಗೆ ಗೊತ್ತಿತ್ತು. ಆ ದಿನ ನೀನು ಬರುವುದರೊಳಗೆ ಮುಗಿಸಬೇಕೆಂಬ ಅವಸರ.

ನಿನ್ನ ಸೌತೆಕಾಯಿ ತಂಪಾಗುತ್ತಿರುವುದು ನನ್ನ ತಪ್ಪಿನ ನೀರಿನಲ್ಲಿ.

ಇಸಾಮು


(ಕಾರ್ಡು)
ಮೇ 27

46 ಸೆಕೆಂಡು, ತಿಳಿ.
ಹಲಗೆ ಇಟ್ಟು ನೀರನ್ನು ಬೇರಿನವರೆಗೆ ಏರಿಸಿದ್ದು ನಾನು. ಆದ್ದರಿಂದ ತಪ್ಪನ್ನು ಪೂರ್ತಿ ನೀನೊಬ್ಬನೇ ಹೊಡೆದುಕೊಳ್ಳಬೇಡ. ಚಿಕ್ಕಂದಿನಲ್ಲಿ ಮಿಠಾಯಿಯನ್ನೂ ಹೀಗೇ ಮಾಡುತ್ತಿದ್ದೆ.
ಫುಸಾ


(ಕಾರ್ಡು, ತುರ್ತು ಅಂಚೆ)
ಜೂನ್ 10

ಮೂರು ದಿನದಿಂದ ಮಳೆ. 29 ಸೆಕೆಂಡು. ಬೆಳಿಗ್ಗೆ ನೀರು ಅಕ್ಕಿ ತೊಳೆದ ನೀರಿನ ಬಣ್ಣ ಬಂದಿದೆ. ಉಸುಇಗೆ ಫೋನ್ ಮಾಡಿದೆ, ಬರುತ್ತಿದ್ದಾಳೆ.
ಫುಸಾ


(ತಂತಿ)
ಜೂನ್ 12

ಹಲಗೆ ಎಲ್ಲಾ ತೆಗೆ. ತೂಬಿನ ಚಕ್ರ ಬಲಕ್ಕೆ ತಿರುಗಿಸು ಎಡಕ್ಕಲ್ಲ. ಮಕ್ಕಳನ್ನು ಮೊದಲು ಕಳಿಸು. ಇಸಾಮು


ಸುಜುಮೆ ಕೆರೆ
ಜೂನ್ 16

ಇಸಾಮು,

ಎಲ್ಲರೂ ಕ್ಷೇಮ. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದನ್ನು ನೀನು ನಿಧಾನವಾಗಿ ಓದು.

ಹತ್ತನೆಯ ತಾರೀಖು ಉಸುಇ ರಬ್ಬರ್ ಬೂಟು ಹಾಕಿಕೊಂಡು ಬಂದಳು. ಕದಡಿದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿದಳು. ಆ ಕ್ಷಣದಿಂದ ಅವಳು ತಲೆಬಾಗುವುದು ನಿಲ್ಲಿಸಿ ಆಜ್ಞೆ ಮಾಡತೊಡಗಿದಳು. ಅವಳ ಬಾಯಲ್ಲಿ "ದಯವಿಟ್ಟು" ಕೂಡ ಏಟಿನ ಹಾಗೆ ಕೇಳುತ್ತಿತ್ತು. ಅರ್ಧ ಗಂಟೆಯಲ್ಲಿ ಮಕ್ಕಳು ಗುಡ್ಡದ ಶಾಲೆಯ ಹಾಲ್ ಸೇರಿದರು. ಸಾಲಾಗಿ, ಹಳದಿ ಟೋಪಿ ಹಾಕಿಕೊಂಡು, ನನಗೆ ಟಾಟಾ ಮಾಡುತ್ತ. ಇದು ಪ್ರವಾಸ ಎಂದುಕೊಂಡಿದ್ದರು. ಕೆಳಗಿನ ಆರು ಮನೆಯವರೂ ಹೋದರು.

ಹಲಗೆಗಳಿಗೆ ಹಗ್ಗ ಕಟ್ಟಿ ಏಳು ಜನ ಎಳೆದೆವು. ಒಂದು ಬಂತು. ಇನ್ನೊಂದು ಬರುವಾಗ ಮಿನೊ ಅಜ್ಜನನ್ನೂ ಕೂರಿಸಿಯೇ ಬಂತು. ಕೆಸರಿನಲ್ಲಿ ಕೂತವನು, "ನನ್ನನ್ನ ಎತ್ತಬೇಡಿ, ಮೊದಲು ಕೋಡಿ ನೋಡಿ" ಅಂದ. ಕೋಡಿ ಭರ್ರನೆ ಹರಿಯಿತು. ಆದರೆ ಕೋಡಿಯ ಮಟ್ಟದ ಕೆಳಗಿನ ನೀರು ಹಾಗೇ ಉಳಿಯಿತು, ಮಳೆ ಬಿಡಲಿಲ್ಲ. ತೂಬು ತೆರೆಯಲೇಬೇಕು. ಎರಡು ದಿನ ಸರದಿಯ ಮೇಲೆ ಚಕ್ರ ತಿರುಗಿಸಿದರು. ಎಲ್ಲ ತೂಬುಗಳ ಹಾಗೆ ಎಡಕ್ಕೆ. ಅಗ್ನಿಶಾಮಕದ ಹುಡುಗರು ಕೂಡ. ಒಬ್ಬ ಚಕ್ರಕ್ಕೆ ಕಾಲು ಕೊಟ್ಟು ಎಳೆದು ಪ್ಯಾಂಟ್ ಹರಿದುಕೊಂಡ. ಅದು ಅಲ್ಲಾಡಲಿಲ್ಲ. ಪಂಪು ತರಿಸಲು ಉಸುಇ ಎಲ್ಲೆಲ್ಲಿಗೋ ಫೋನ್ ಮಾಡುತ್ತಿದ್ದಳು. ಎಲ್ಲ ಊರಿಗೂ ಅದೇ ಮಳೆ, ಪಂಪು ಎಲ್ಲಿಯೂ ಇಲ್ಲ. ಬುಡದ ನೀರು 22 ಸೆಕೆಂಡಿಗೆ ಬಂದಿತ್ತು. ಏರಿಯ ಕೆಳಗಿನ ಹುಲ್ಲು ತುಳಿದರೆ ತೋಫುವಿನ ಹಾಗೆ ಅದುರುತ್ತಿತ್ತು.

ಆಗ ತಂತಿಯವನು ಬಂದ. ಮದುವೆಯ ಲಕೋಟೆ, ಮೇಲೆ ಚಿನ್ನದ ದಾರದ ಎರಡು ಕೊಕ್ಕರೆ. ನೆರೆದವರೆಲ್ಲ ನನ್ನ ಮುಖ ನೋಡಿದರು. ಮಿನೊ ಅಜ್ಜ, "ಫುಸಾ, ಇದೇನಮ್ಮ, ಈ ಹೊತ್ತಲ್ಲಿ?" ಅಂದ. ಒಳಗೆ ನಿನ್ನ ಮೂರು ಸಾಲು.

ಬಲಕ್ಕೆ ತಿರುಗಿಸಿದರು. ಒಬ್ಬನೇ ಹುಡುಗ, ಒಂದೇ ಕೈಯಲ್ಲಿ. ತೂಬು ಒಂದು ಸಲ ಗೊಳಕ್ ಅಂದಿತು, ಆಮೇಲೆ ತೆರೆಯಿತು. ಸಂಜೆಗೆ ನೀರು ನನ್ನ ಎತ್ತರದಷ್ಟು ಇಳಿಯಿತು. ಮರುದಿನ ಬೆಳಿಗ್ಗೆ ಬುಡದ ನೀರು ತಾನೇ ನಿಂತಿತ್ತು.

ಚಕ್ರದ ಮುಚ್ಚಳ ಬಿಚ್ಚಿ ನೋಡಿದೆವು. ಒಳಗೆ ಹಲ್ಲುಗಾಲಿ ಸಮೇತ ಕೂತಿರುವುದು ನನ್ನ ಉದೊನ್ ಹಿಟ್ಟು ಲಟ್ಟಿಸುವ ಯಂತ್ರದ ಭಾಗ. ಅದಕ್ಕೇ ಚಕ್ರ ಉಲ್ಟಾ ತಿರುಗುವುದು. ಇಪ್ಪತ್ತಾರು ವರ್ಷದ ಹಿಂದೆ ಅದು ಕಳುವಾಯಿತೆಂದು ಪೊಲೀಸರಿಗೆ ದೂರು ಕೊಟ್ಟಿದ್ದೆ. ತಾಮೊತ್ಸು ನನ್ನ ಜೊತೆ ಠಾಣೆಗೆ ಬಂದು ದುಃಖದ ಮುಖ ಮಾಡಿ ಕೂತಿದ್ದ. ನೀನೂ ಬಂದಿದ್ದೆ. ಇಬ್ಬರೂ ಕಳ್ಳರು.

ಐದು ಹಂಸಗಳೂ ಈಗ ಕೆಸರಿನಲ್ಲಿ ಓರೆಯಾಗಿ ಕೂತಿವೆ. ನಿವೃತ್ತ ಮೇಷ್ಟ್ರುಗಳ ಸಭೆಯ ಹಾಗೆ ಕಾಣುತ್ತವೆ.

ಕೆರೆ ಉಳಿಯುವುದೋ ಇಲ್ಲವೋ ಶರತ್ಕಾಲದಲ್ಲಿ ಕಚೇರಿ ತೀರ್ಮಾನಿಸುತ್ತದೆ.

ಫುಸಾ


(ಕಾರ್ಡು)
ಜುಲೈ 15

ಪತ್ರ ತಲುಪಲಿಲ್ಲವೇ? ಕೆರೆಯ ತಳದಲ್ಲಿ ಹುಲ್ಲು ಬಂದಿದೆ. ಅಂಗಡಿಗೆ ಜನ ಕಡಿಮೆ. ಫ್ರಿಜ್ ಬಾಡಿಗೆಗೆ ತಂದೆ, ಅದು ರೈಲಿನಂತೆ ಸದ್ದು ಮಾಡುತ್ತದೆ.
ಫುಸಾ


(ಕಾರ್ಡು)
ಆಗಸ್ಟ್ 16

ಹಿರಿಯರ ಹಬ್ಬ ಮುಗಿಯಿತು. ಪ್ರತಿ ವರ್ಷ ತಾಮೊತ್ಸುವಿನ ದೀಪವನ್ನು ಕೆರೆಯಲ್ಲಿ ತೇಲಿಬಿಡುತ್ತಿದ್ದೆ. ಈ ವರ್ಷ ಕೆಸರಿನ ಹಂಸದ ಬೆನ್ನ ಮೇಲಿಟ್ಟೆ. ನೀನು ಬರೆಯದಿದ್ದರೆ ಯಂತ್ರದ ಕಳ್ಳತನದ ದೂರು ಮತ್ತೆ ತೆಗೆಸುತ್ತೇನೆ.
ಫುಸಾ


ಹಾಕೊದಾತೆ
ಸೆಪ್ಟೆಂಬರ್ 2

ಫುಸಾ,

ಪತ್ರ ತಲುಪಿತ್ತು. ಹನ್ನೊಂದು ಸಲ ಉತ್ತರ ಬರೆಯಲು ಕುಳಿತೆ. ನೀನು ಇಷ್ಟು ನಗಿಸಿ ಬರೆದಿದ್ದರಿಂದ ಕಷ್ಟವಾಯಿತು. ಬೈದಿದ್ದರೆ ಎರಡೇ ದಿನದಲ್ಲಿ ಬರೆಯುತ್ತಿದ್ದೆ.

ಬದಲಿಗೆ ಕಚೇರಿಗೆ ಬರೆದೆ. ಬೇರು ಬಿಟ್ಟವನು ನಾನು, ಏರಿಯಲ್ಲಿ ಬೇರೆ ಊನವಿಲ್ಲ, ಮೋಟು ಅಗೆದು ಜೇಡಿಮಣ್ಣಿನಿಂದ ಪದರ ಪದರವಾಗಿ ದಮ್ಮಸು ಹೊಡೆದರೆ ನಿಲ್ಲುತ್ತದೆ ಎಂದು ಏಳು ಪುಟ. ಮೂವತ್ತೊಂದು ವರ್ಷದ ನೀರಿನ ಲೆಕ್ಕದ ಪುಸ್ತಕಗಳನ್ನೂ ಕಳಿಸಿದೆ. ಉಸುಇ ಅವರಿಂದ ಉತ್ತರ ಬಂತು. ಪುಸ್ತಕಗಳ ಮಧ್ಯೆ ಒಂದು ಒಣ ಬೊಂಡಾಸ್ ಸಿಕ್ಕಿತಂತೆ, ಅದನ್ನು ಕಡತಕ್ಕೆ ಸೇರಿಸಬೇಕೇ ಎಂದು ಕೇಳಿದ್ದಾರೆ.

ಕೊಕ್ಕರೆ ಲಕೋಟೆ ಆರಿಸಿದ್ದು ಅತ್ತಿಗೆ. ನಾನು ಸಾದಾ ಕೇಳಿದ್ದೆ. ಅಂಗಡಿಯವನು ಎಂಥ ಸಂದರ್ಭ ಎಂದು ಕೇಳಿದ್ದಕ್ಕೆ ಅವಳು, "ಏಳು ವರ್ಷ ಮಾತು ಬಿಟ್ಟೋಳಿಗೆ ಕಳಿಸ್ತಿರೋದು, ಇರೋದ್ರಲ್ಲಿ ಒಳ್ಳೇದು ಕೊಡಿ" ಅಂದಳು.

ಇಸಾಮು


ಸುಜುಮೆ ಕೆರೆ
ಅಕ್ಟೋಬರ್ 21

ಇಸಾಮು,

ನಿನ್ನೆ ಸಂಘದ ಕೋಣೆಯಲ್ಲಿ ಕಚೇರಿಯವರ ಸಭೆ. ಉಸುಇ ನಿನ್ನ ಏಳು ಪುಟಗಳನ್ನೂ ಓದಿದಳು. ಹಲಗೆಯ ಭಾಗ ನಾನೇ ಎದ್ದು ಹೇಳಿದೆ, ಇಲ್ಲದಿದ್ದರೆ ನೀನೊಬ್ಬನೇ ಊರಿನ ಖಳನಾಗುತ್ತಿದ್ದೆ. ಅವಳ ಮೇಲಧಿಕಾರಿ ನಿನ್ನ ಲೆಕ್ಕದ ಪುಸ್ತಕಗಳನ್ನು ತಿರುವಿ ನೋಡಿದ. ಆಮೇಲೆ ಹೇಳಿದ್ದು ಇಷ್ಟು. ಏರಿ ಸರಿಮಾಡಲು ಕಚೇರಿ ಒಪ್ಪುತ್ತದೆ. ಆದರೆ ಉಳಿದ ಮೂರು ಮರಗಳೂ ಬೇರು ಸಮೇತ ಹೋಗಬೇಕು, ಕೋಡಿಗೆ ಇನ್ನೆಂದೂ ಹಲಗೆ ಇಡಬಾರದು, ಮತ್ತು ನಡೆದು ಹೋಗುವಷ್ಟು ಹತ್ತಿರದಲ್ಲಿ ಒಬ್ಬ ನೀರುಗಂಟಿ ಇದ್ದು ದಿನವೂ ಏರಿ ನೋಡಬೇಕು. ಅಂಥವರಿಲ್ಲದಿದ್ದರೆ ಮಾರ್ಚಿನಲ್ಲಿ ಕೆರೆ ಮುಚ್ಚುವುದು.

ಮರಗಳ ಮಾತು ಬಂದಾಗ ಎಲ್ಲರೂ ನನ್ನ ಕಡೆ ನೋಡದಿರಲು ತುಂಬಾ ಪ್ರಯತ್ನಪಟ್ಟರು. "ತೆಗೀರಿ. ಈ ಸಲ ಬೇರು ಬಿಡಬೇಡಿ, ಅಷ್ಟೇ" ಅಂದೆ. ಹೇಳಿದ ಮೇಲೆ, ಇದನ್ನು ಏಳು ವರ್ಷದ ಹಿಂದೆಯೇ ಹೇಳಬಹುದಿತ್ತು ಅನ್ನಿಸಿತು. ನೀನು ಕೇಳಿದ್ದರೆ. ನಾನು ಹೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ.

ಆಮೇಲೆ ನೀರುಗಂಟಿ ಯಾರು ಎಂಬ ಪ್ರಶ್ನೆ ಬಂತು. ಎಲ್ಲರಿಗೂ ಎಂಬತ್ತರ ಹತ್ತಿರ, ಇಲ್ಲದವರಿಗೆ ನೌಕರಿ. ಉಸುಇ ದಫ್ತರ ತಿರುವಿ ಹಾಕುತ್ತಾ, "ಇಲ್ಲಿ ಒಬ್ರ ಹೆಸರಿದೆಯಲ್ಲ, ಕಾವಾತಾ ಇಸಾಮು ಅಂತ. ತೆಗೆದಿಲ್ವಲ್ಲ?" ಅಂದಳು. ಅಲ್ಲಿಯವರೆಗೆ ಗೊರಕೆ ಹೊಡೆಯುತ್ತಿದ್ದ ಮಿನೊ ಅಜ್ಜ ಕಣ್ಣು ತೆರೆಯದೆ, "ಇದಾನೆ, ಇದಾನೆ. ಗಾಳಿ ಬದಲಾವಣೆಗೆ ಅಂತ ಹಾಕೊದಾತೆಗೆ ಹೋಗಿದಾನೆ, ಈಗ ಬಂದ್ಬಿಡ್ತಾನೆ" ಅಂದ. ಮೇಲಧಿಕಾರಿ ಬರೆದುಕೊಂಡ.

ನೀನು ಮುದ್ರೆ ಒತ್ತಿ ಕಳಿಸಿದ ಕಾಗದ ಹಿಟ್ಟಿನ ಡಬ್ಬದಲ್ಲಿದೆ. ನಾನು ಕೊಡಲೇ ಇಲ್ಲ. ಸುತ್ತಿನೊಳಗೆ ಒಂದು ಕೂದಲೂ ಆಚೀಚೆ ಆಗದಂತೆ ಒತ್ತಿದ್ದು ನೋಡಿ ಸಿಟ್ಟು ಬಂತು. ಇವತ್ತು ಕೊಡೋಣ, ನಾಳೆ ಕೊಡೋಣ ಎನ್ನುತ್ತ ಏಪ್ರಿಲ್ ಕಳೆಯಿತು. ಹಿಟ್ಟು ಮೆತ್ತಿ ಈಗ ಮುದ್ರೆ ಓದಲೂ ಆಗುವುದಿಲ್ಲ.

ನವೆಂಬರ್ 23ಕ್ಕೆ ಕೆರೆಯ ಉಳಿದ ನೀರು ಬಸಿದು ಮೀನು ಹಿಡಿಯುವ ದಿನ. ಅದರ ಮರುದಿನ ಮೋಟು ಅಗೆಯುತ್ತಾರೆ. ಜೇಡಿಮಣ್ಣು ಎಷ್ಟು ಹದ ಇರಬೇಕೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ನನ್ನನ್ನು ಕೇಳಿದರು. "ಉದೊನ್ ಹಿಟ್ಟಿನಷ್ಟು" ಅಂದೆ. ಸರಿಯೇ?

ಫುಸಾ


(ಕಾರ್ಡು)
ಹಾಕೊದಾತೆ
ಅಕ್ಟೋಬರ್ 27

ಉದೊನ್ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. ಕಿವಿಯ ತುದಿಗಿಂತ ಗಟ್ಟಿ, ಹಿಮ್ಮಡಿಗಿಂತ ಮೆತ್ತಗೆ. ನಾನು ಬರುವವರೆಗೆ ಯಾರೂ ಅದಕ್ಕೆ ನೀರು ಹಾಕಬಾರದು. 22ರ ಮಧ್ಯಾಹ್ನದ ರೈಲು.
ಇಸಾಮು


(ಕಾರ್ಡು)
ಏಪ್ರಿಲ್ 16

ಕಾವಾತಾ ಇಸಾಮು ಅವರಿಗೆ
ನೀರುಗಂಟಿ ಮನೆ, ಏರಿಯ ತುದಿ, ಸುಜುಮೆ ಕೆರೆ

ಎದುರಿನಿಂದ ಕೂಗಿದರೆ ನಿನಗೆ ಕೇಳಿಸುವುದಿಲ್ಲ. ಆದ್ದರಿಂದ ಇನ್ನೂರು ಹೆಜ್ಜೆಯ ದಾರಿಗೆ ಅಂಚೆ ಚೀಟಿ ಹಚ್ಚಿದ್ದೇನೆ. ಪೇಟೆ ಸುತ್ತಿ ನಾಡಿದ್ದು ಬರುತ್ತದೆ.

ನಿನ್ನೆ ನೀರು ಕೋಡಿಯ ಕಲ್ಲಿಗೆ ಮುಟ್ಟಿತು, ಹಲಗೆ ಇಲ್ಲದೆ. ಹಂಸಗಳೆಲ್ಲ ತೇಲಿದವು, ಕೆಸರಿನಲ್ಲಿದ್ದ ಕಾಲದಿಂದ ಮೂರನೆಯದಕ್ಕೆ ಮಾತ್ರ ಇನ್ನೂ ಸ್ವಲ್ಪ ಓರೆ. ತೆಗೆದ ಚೆರ್ರಿಗಳಿಂದ ಕಸಿ ಕಟ್ಟಿ ಆಚೆ ದಡದಲ್ಲಿ ನೆಟ್ಟ ಮೂರು ಸಸಿಗಳಲ್ಲಿ ಒಂದು ಹೂವು ಬಿಟ್ಟಿದೆ. ಒಂದೇ ಒಂದು. ಮಿನೊ ಅಜ್ಜ ಅದರ ಕೆಳಗೆ ಚಾಪೆ ಹಾಸಿ, ಪೂರ್ತಿ ಒಂದು ಬಾಟಲಿ ಸಾಕೆ ಮದ್ಯ ಮುಗಿಸಿ, "ಈ ವರ್ಷ ಹೂವು ಚೆನ್ನಾಗಿ ಬಂದಿದೆ" ಅಂದ.

ಇವತ್ತು ಗುರುವಾರ. ಹಳದಿ ಟೋಪಿಯ ಮಕ್ಕಳ ಎದುರಿಗೇ ಏರಿಯ ಬುಡದಲ್ಲಿ ಬಕೆಟ್ ಇಟ್ಟು ಒಂದು ಗಂಟೆ ಕೂತೆ. ಗುಡ್ಡದ ಹೊಟ್ಟೆ ತೋರಿಸಿದ ಹುಡುಗಿಯೂ ಪಕ್ಕದಲ್ಲಿ ಕೂತಿದ್ದಳು, ಈಗ ಐದು ವರ್ಷ. ಬಕೆಟ್ಟಿನೊಳಗೆ ಇಣುಕಿ, "ಅಜ್ಜಿ, ಏನೂ ಬರ್ತಿಲ್ಲ" ಅಂದಳು. "ಅದನ್ನೇ ನೋಡ್ತಿರೋದು ಕಣೇ" ಅಂದೆ.

ಐರಿಸ್ ಎಲ್ಲ ಒಣಗಿವೆ. ಬಾಡಿಗೆಯ ಫ್ರಿಜ್ ಇವತ್ತು ಬೆಳಿಗ್ಗೆ ಪ್ರಾಣ ಬಿಟ್ಟಿತು. ಸೌತೆಕಾಯಿ ಬೆಚ್ಚಗಿವೆ, ಅದು ನಿನ್ನದೇ ತಪ್ಪು. ಈ ಕಾರ್ಡು ಕೈಗೆ ಸಿಕ್ಕ ಕೂಡಲೇ ಬಂದು ತಿನ್ನು.

ಫುಸಾ